ಎಡಗೈಯ ನವಣೆ

ಜೂನ್ ೧೪, ೧೯೩೬. ರವಿವಾರ. ಉಣಕಲ್.

ಎಡಗೈಯಿಂದ ಬರೆಯುತ್ತಿದ್ದೇನೆ. ದಿನಾ ಒಂದಿಷ್ಟು ಬರೆ, ಕೈ ಪಳಗುತ್ತದೆ ಎಂದು ದವಾಖಾನೆಯ ಡಾಕ್ಟರು ಹೇಳಿದ್ದಾರೆ. ಏನು ಬರೆಯಲಿ ಎಂದೆ. ಮನಸ್ಸಿಗೆ ಬಂದದ್ದು ಎಂದರು. ಮನಸ್ಸಿಗೆ ಬರುವುದು ಒಂದೇ. ಶಾಂತಯ್ಯ ಹಾಳಾಗಿ ಹೋಗಲಿ.

ನಾನು 'ತಡಿ' ಎಂದು ಕೂಗಿದೆ. ಅವನು ಗಿರಣಿಯ ಯಂತ್ರ ತಿರುಗಿಸುವ ಪಟ್ಟಾ ಏರಿಸಿದ. ಬಲಗೈಯ ನಾಲ್ಕು ಬೆರಳು ಹೋದವು.

ಇಷ್ಟು ಸಾಕು. ಅಕ್ಷರಗಳು ಕುಡಿದವರಂತೆ ಒಂದರ ಮೇಲೊಂದು ಬಿದ್ದಿವೆ.

ಜೂನ್ ೧೬, ಮಂಗಳವಾರ

ಇವತ್ತು ಹೆಚ್ಚು ಬರೆಯುತ್ತೇನೆ. ಸಿಟ್ಟು ಹೆಚ್ಚಾಗಿದೆ.

ಹುಬ್ಬಳ್ಳಿಯ ಎಣ್ಣೆ ಗಿರಣಿಯಲ್ಲಿ ಹನ್ನೊಂದು ವರ್ಷ ಫಿಟ್ಟರ್ ಆಗಿದ್ದೆ. ಗೌಸಮೊದ್ದೀನ ಮಿಸ್ತ್ರಿ ಬಂದನೆಂದರೆ ಮಾಲಕನೂ ಕುರ್ಚಿ ಬಿಟ್ಟು ಎದ್ದು ಮಾತಾಡಿಸುತ್ತಿದ್ದ. ಕೈ ಹೋಯಿತು, ಗಿರಣಿಯ ಖೋಲಿ ಖಾಲಿ ಮಾಡಿಸಿದ. ಈಗ ಹೆಂಡತಿಯ ತವರುಮನೆಯಲ್ಲಿ ಬಂದು ಬಿದ್ದಿದ್ದೇನೆ. ಇಲ್ಲಿ ನನಗೆ ಹೆಸರೇ ಇಲ್ಲ. 'ಮೌಲಾಬಿಯ ಅಳಿಯ', ಮುಗಿಯಿತು.

ಹೆಂಡತಿ ಹಾಜರಾಬಿ ನಿನ್ನೆಯಿಂದ ಕೆಲಸಕ್ಕೆ ಹೋಗುತ್ತಿದ್ದಾಳೆ. ಎಲ್ಲಿಗೆ? ಅದೇ ಗಿರಣಿಗೆ. ನನ್ನ ಬೆರಳು ತಿಂದ ಯಂತ್ರದ ಪಕ್ಕದಲ್ಲೇ ಹಿಂಡಿಯ ಬುಟ್ಟಿ ಹೊರಲು, ಕಸ ಗುಡಿಸಲು.

"ಹೋಗಬ್ಯಾಡ," ಎಂದೆ.

"ಮತ್ತ ಎಲ್ಲಿಗೆ ಹೋಗಲಿ ಹೇಳ್ರಿ. ಮನ್ಯಾಗ ಯಾರ ದುಡೀತಾರ?"

"ನಾ ಇದ್ದೇನಲ್ಲ."

"ಇದ್ದೀರಿ, ಖರೇ," ಎಂದು ಬುತ್ತಿ ಕಟ್ಟಿಕೊಂಡು ನಡೆದಳು.

ಆ 'ಖರೇ' ಎಂಬ ಮಾತಿಗೆ ತಾಟು ಎತ್ತಿ ಗೋಡೆಗೆ ಒಗೆದೆ. ಎಡಗೈಯಲ್ಲಿ ಒಗೆದೆನಲ್ಲ, ಗೋಡೆಗೂ ತಾಗಲಿಲ್ಲ. ಅಂಗಳದ ಕೋಳಿ ಓಡಿಹೋಯಿತು, ಅಷ್ಟೇ.

ಒಂದೇ ಒಂದು ಛಲೋ ಸುದ್ದಿಯೆಂದರೆ ಪಟ್ಟಾ ನಡೆಸುತ್ತಿದ್ದ ಶಾಂತಯ್ಯನನ್ನು ಮಾಲಕ ನನ್ನ ಕೈ ಹೋದ ಮರುದಿನವೇ ಕೆಲಸದಿಂದ ತೆಗೆದ. ದವಾಖಾನೆಗೆ ಬಂದು ಯಾರ ತಪ್ಪು ಎಂದು ಕೇಳಿದ. ನಾನು ಹೇಳಿದೆ.

ಜೂನ್ ೨೦, ಶನಿವಾರ

ಅತ್ತೆ ಮೌಲಾಬಿಗೆ ಕೆರೆಯ ಹಿಂದುಗಡೆ ಒಂದು ಎಕರೆ ಹೊಲವಿದೆ. ಪ್ರತಿವರ್ಷ ಅದರಲ್ಲಿ ನವಣೆ ಬಿತ್ತುತ್ತಾಳೆ. ಮಗ್ಗುಲ ಹೊಲದ ಉಡಚಪ್ಪ ತನ್ನ ಎತ್ತು, ಕೂರಿಗೆ ತಂದು ಬಿತ್ತಿಕೊಡುತ್ತಾನೆ. ಆಮೇಲೆ ಅವನ ಜೋಳದ ರಾಶಿಗೆ ಅತ್ತೆ ಹೋಗಿ ದುಡಿಯುತ್ತಾಳೆ. ಇಪ್ಪತ್ತು ವರ್ಷದಿಂದ ಹೀಗೇ ನಡೆದಿದೆಯಂತೆ.

ಈ ವರ್ಷ ಅತ್ತೆಗೆ ಎರಡೂ ಕಣ್ಣಿಗೆ ಪೊರೆ ಬಂದಿದೆ. ಎದುರಿಗೆ ನಿಂತವರು ಬರೀ ನೆರಳಾಗಿ ಕಾಣುತ್ತಾರೆ. ಆದರೂ ಹಟ ಬಿಟ್ಟಿಲ್ಲ. ನನ್ನನ್ನು ಹೊಲಕ್ಕೆ ಎಳೆದುಕೊಂಡು ಹೋದಳು.

"ಬೇಟಾ, ಬೀಜಕ್ಕ ಉಸುಕು ಕಲಸು."

"ಯಾಕ?"

"ಬರೇ ಬೀಜ ಬಿಟ್ರ ಹತ್ತು ಸಾಲಿಂದು ಒಂದ ಸಾಲಿನ್ಯಾಗ ಸುರೀತೈತಿ. ಒತ್ತಾಗಿ ಹುಟ್ಟಿ ಒಂದನ್ನೊಂದು ಕೊಲ್ಲತಾವು."

"ನಾ ಮಿಸ್ತ್ರಿ ಇದ್ದೇನಿ. ಉಸುಕು ಕಲಸಾವ ಅಲ್ಲ."

"ಗಿರಣ್ಯಾಗ ಮಿಸ್ತ್ರಿ. ಇಲ್ಲಿ ಉಸುಕು ಕಲಸು."

ಉಡಚಪ್ಪ ಎತ್ತಿನ ಹಿಂದೆ ನಿಂತು ಕಿಸಕ್ಕನೆ ನಕ್ಕ. ಅವನ ಹಲ್ಲು ಉದುರಿಸಬೇಕೆನಿಸಿತು. ಕಲಸಿದೆ. ಸಾಸಿವೆಯಷ್ಟಿರುವ ಹಳದಿ ಕಾಳು ಬೆರಳ ಸಂದಿಯಿಂದ ಜಾರಿ ಜಾರಿ ಹೋಗುತ್ತದೆ. ಬೆರಳಿರುವ ಕೈಯಿಂದಲೇ ಹೀಗೆ.

ಜುಲೈ ೩, ಶುಕ್ರವಾರ

ಹುಲ್ಲು ಎದ್ದಿದೆ. ಅದಕ್ಕೆ ಇವರು ಬೆಳೆ ಎನ್ನುತ್ತಾರೆ. ನನ್ನ ಕಣ್ಣಿಗೆ ಹುಲ್ಲಿನ ನಡುವೆ ಹುಲ್ಲು.

ಮುಖ್ಯ ವೈರಿ ಕಾಡುನವಣೆಯಂತೆ. ಎಲೆ ಹಾಗೇ, ಎತ್ತರ ಹಾಗೇ, ಬಣ್ಣ ಹಾಗೇ. ಅತ್ತೆ ಸಾಲಿನಲ್ಲಿ ಕುಕ್ಕರಗಾಲಲ್ಲಿ ಕೂತು ಪ್ರತಿ ಸಸಿಯ ಬುಡವನ್ನು ಬೆರಳಿನಿಂದ ಹಿಚುಕಿ ನೋಡುತ್ತಾಳೆ. ಚಪ್ಪಟೆ ಹತ್ತಿದರೆ ಕಿತ್ತು ಒಗೆಯುತ್ತಾಳೆ, ದುಂಡಗಿದ್ದರೆ ಬಿಟ್ಟು ಮುಂದೆ ಸರಿಯುತ್ತಾಳೆ. ಹೀಗೆ ಒಂದು ದಿನಕ್ಕೆ ಎರಡು ಸಾಲು ಮುಗಿದರೆ ಹೆಚ್ಚು.

"ನಿನಗ ಕಣ್ಣೈತಿ. ಬುಡ ನೋಡು, ಕೆಂಪಗಿದ್ದದ್ದು ಕೀಳು. ನಿನಗ ಲಗೂ ಆಗತೈತಿ."

"ಇಲ್ದ ಕೈಯಿಂದ ಕೀಳಲೇನು?"

"ಇದ್ದ ಕೈಯಿಂದ ಕೀಳು," ಎಂದಳು. ತಲೆ ಕೂಡ ಎತ್ತಲಿಲ್ಲ.

ಸಂಜೆಯವರೆಗೆ ಕಿತ್ತೆ. ಬೆನ್ನು ಮುರಿದು ಹೋಗಿದೆ. ಇಲ್ಲದ ಬೆರಳುಗಳು ತುರಿಸುತ್ತಿವೆ. ಎಲ್ಲಿ ಕೆರೆದುಕೊಳ್ಳಲಿ?

ಜುಲೈ ೯, ಗುರುವಾರ

ಹಾಜರಾಬಿ ಗಿರಣಿಯಿಂದ ಬಂದವಳು ಕಾಲು ತೊಳೆಯುತ್ತಲೇ ಹೇಳಿದಳು.

"ಶಾಂತಯ್ಯನವರು ಗೇಟಿನ ಹತ್ರ ನಿಂತಿದ್ರು. ಮಾಲಕರ ಕಡೆ ಕೆಲಸಾ ಕೇಳಾಕ ಬಂದಿದ್ರಂತ, ಒಳಗ ಬಿಡಲಿಲ್ಲ. ನನ್ನ ನೋಡಿ, ಕೈ ಹ್ಯಾಂಗೈತಿ ಅಂತ ಕೇಳಿದ್ರು."

"ನೀ ಏನಂದಿ?"

"ಹಂಗ ಐತಿ ಅಂದೆ."

"ಮಾರಿ ಮ್ಯಾಲ ಉಗುಳಬೇಕಾಗಿತ್ತು."

ಅವಳು ತಂಬಿಗೆ ಕೆಳಗಿಟ್ಟಳು. ಆಮೇಲೆ, "ಅವರು ಅಂತಾರ, ತಮಗ ಏನೂ ಕೇಳಿಸಿಲ್ಲ ಅಂತ. ನೀವು ಖರೇನ ಕೂಗಿದ್ರ್ಯಾ?" ಎಂದಳು.

ನನ್ನ ಹೆಂಡತಿ! ನನ್ನನ್ನೇ ಕೇಳುತ್ತಾಳೆ!

'ಬಿಡಬ್ಯಾಡ, ಬಿಡಬ್ಯಾಡ' ಎಂದು ಮೂರು ಸಲ ಕೂಗಿದ್ದೇನೆ. ಮೂರು ಸಲ. ಗಂಟಲು ಹರಿಯುವ ಹಾಗೆ. ಅವನು ಕಿವುಡನಾದರೆ ಅದಕ್ಕೆ ನಾನೇನು ಮಾಡಲಿ? ಇಲ್ಲಿ ಬರೆದಿಡುತ್ತೇನೆ. ಮೂರು ಸಲ.

ರೊಟ್ಟಿ ತಿನ್ನದೆ ಎದ್ದೆ.

ಜುಲೈ ೧೧, ಶನಿವಾರ

ಇವತ್ತು ಒಂದು ಕೆಲಸವಾಗಿದೆ. ಯಾರಿಗೂ ಹೇಳುವುದಲ್ಲ.

ಅತ್ತೆಗೆ ಮೈಯಲ್ಲಿ ಜ್ವರ. ನಾನೊಬ್ಬನೇ ಹೊಲಕ್ಕೆ ಹೋದೆ. ಎರಡು ದಿನದಿಂದ ತಲೆಯಲ್ಲಿ ಶಾಂತಯ್ಯನೇ ಕುಣಿಯುತ್ತಿದ್ದ. ಕೈ ಹ್ಯಾಂಗೈತಿ ಅಂತ ಕೇಳಿದನಂತೆ, ಹಲ್ಕಟ್! ಕೂತವನು ಕೀಳುತ್ತ ಹೋದೆ. ಬುಡ ನೋಡಲಿಲ್ಲ, ಬಣ್ಣ ನೋಡಲಿಲ್ಲ. ಹಿಡಿ ಹಿಡಿಯಾಗಿ ಬೇರು ಸಮೇತ, ಅವನ ತಲೆಗೂದಲು ಕಿತ್ತ ಹಾಗೆ. ಕೀಳುವಾಗ ಹಿತವಾಗಿತ್ತು, ಸುಳ್ಳು ಯಾಕೆ ಹೇಳಲಿ.

ದಣಿವಾಗಿ ತಿರುಗಿ ನೋಡಿದರೆ ಆರು ಸಾಲು ಬೋಳಾಗಿದ್ದವು. ಕಿತ್ತದ್ದನ್ನು ಎತ್ತಿ ನೋಡಿದೆ. ಬುಡ ದುಂಡಗೆ, ಬೆಳ್ಳಗೆ. ಎಲ್ಲಾ ನವಣೆ.

ಬದುವಿನಾಚೆಯ ತಗ್ಗಿನಲ್ಲಿ ಒಟ್ಟಿ ಬಂದೆ.

ಮನೆಗೆ ಬಂದು, "ಉಡಚಪ್ಪನ ಕರು ಹೊಕ್ಕಿತ್ತು, ಆರು ಸಾಲು ತಿಂದು ಹೋಗೈತಿ," ಎಂದೆ. ಬಾಯಿಂದ ಎಷ್ಟು ಸಲೀಸಾಗಿ ಬಂತು.

ಜುಲೈ ೧೩, ಸೋಮವಾರ

ಅತ್ತೆ ಜ್ವರದಲ್ಲೇ ಎದ್ದು ಉಡಚಪ್ಪನ ಮನೆ ಬಾಗಿಲಿಗೆ ಹೋದಳು. ಗೋಡೆ ಸವರುತ್ತ ಹೋದಳು. ನಾನು ಹಿಂದೆ ನಿಂತಿದ್ದೆ.

"ಉಡಚಪ್ಪಾ, ಇಪ್ಪತ್ತು ವರ್ಷಾತು. ನಿನ್ನ ದನಾ ನನ್ನ ಹೊಲಾ ತುಳದಿಲ್ಲ. ಈಗ ಕಣ್ಣು ಹ್ವಾದ ಮ್ಯಾಲ ಬಿಟ್ಟೆಲ್ಲೋ?"

"ಮೌಲಾಬಿಯವ್ವಾ, ನನ್ನ ಕರಾ ಕಟ್ಟಿದಲ್ಲೇ ಇತ್ತು. ನೀ ಕಣ್ಣಾರೆ ನೋಡಿಯೇನು?"

"ನನ್ನ ಅಳಿಯ ನೋಡ್ಯಾನ."

ಉಡಚಪ್ಪ ನನ್ನ ಕಡೆ ನೋಡಿದ. ನಾನು ಅವನ ಕಡೆ ನೋಡಿದೆ. ಕಣ್ಣು ಇಳಿಸಲಿಲ್ಲ. ಅದರಲ್ಲಿ ನಾನು ಗಟ್ಟಿ.

"ಹಂಗಾದ್ರ ನಿನ್ನ ಅಳಿಯನ ಕೈಲೆ ಕುಂಟಿ ಹೊಡಿಸ್ಕೊ. ನನ್ನ ಎತ್ತು ಇನ್ನ ನಿನ್ನ ಹೊಲಕ್ಕ ಕಾಲಿಡಾಂಗಿಲ್ಲ," ಎಂದು ಬಾಗಿಲು ಹಾಕಿಕೊಂಡ.

ಅತ್ತೆ ದಾರಿಯುದ್ದಕ್ಕೂ ಅವನನ್ನು ಬಯ್ದಳು. ನಾನೂ ಬಯ್ದೆ. ಅವಳಿಗಿಂತ ಜೋರಾಗಿ ಬಯ್ದೆ.

ಜುಲೈ ೨೩, ಗುರುವಾರ. ಪಂಚಮಿ

ಪ್ರತಿ ಪಂಚಮಿಗೆ ಉಡಚಪ್ಪನ ಮನೆಯಿಂದ ಉಂಡಿ ಬರುತ್ತಿದ್ದವಂತೆ. ಈ ಸಲ ಬರಲಿಲ್ಲ. ಹಾಜರಾಬಿ ಎರಡು ಸಲ ಬಾಗಿಲಿಗೆ ಹೋಗಿ ನೋಡಿ ಬಂದಳು. ಉಂಡಿಗಾಗಿ ಅಲ್ಲ, ಅದು ನನಗೂ ತಿಳಿಯುತ್ತದೆ.

ಹತ್ತು ದಿನದ ಮಳೆಗೆ ಕಳೆ ಮೊಣಕಾಲಿಗೆ ಬಂದಿದೆ. ಎತ್ತಿನ ಕುಂಟೆ ಹೊಡೆದಿದ್ದರೆ ಒಂದು ಹೊತ್ತಿನ ಕೆಲಸ. ಈಗ ನಾನು ಕುರ್ಪಿ ಹಿಡಿದು ಇಡೀ ಎಕರೆ ಕೆದರುತ್ತಿದ್ದೇನೆ. ಎಡಗೈಯಲ್ಲಿ ಬೊಬ್ಬೆ ಎದ್ದು, ಒಡೆದು, ಮತ್ತೆ ಎದ್ದಿದೆ. ಕುರ್ಪಿಯ ಹಿಡಿ ಸರಿಯಿಲ್ಲ, ಬಲಗೈಯವರಿಗೆ ಬಾಗಿಸಿದ್ದು. ಅದನ್ನು ಕಲ್ಲಿನ ಮೇಲೆ ಬಡಿದು ಎಡಕ್ಕೆ ಬಾಗಿಸಿದೆ. ಈಗ ಪರವಾಗಿಲ್ಲ.

ಅತ್ತೆ ನನ್ನ ಹಿಂದೆ ತೆವಳುತ್ತ ಬುಡ ಹಿಚುಕುತ್ತ ಬರುತ್ತಾಳೆ. ನಾನು ಬಿಟ್ಟದ್ದನ್ನು ಅವಳು ಕೀಳುತ್ತಾಳೆ. ಇವತ್ತು ಅವಳಿಗೆ ನನ್ನ ಸಾಲಿನಲ್ಲಿ ಸಿಕ್ಕದ್ದು ಏಳೇ ಏಳು. ಮೊನ್ನೆ ನಲವತ್ತು ಸಿಕ್ಕಿದ್ದವು.

ಆಕಾಶ ಬಿಡುವು ಕೊಡುತ್ತಿಲ್ಲ. ನೀರು ನಿಂತರೆ ನವಣೆ ಹಳದಿಯಾಗುತ್ತದೆ. ತಗ್ಗಿನ ಕಡೆ ಒಂದು ಕಾಲುವೆ ಕಡಿಯಬೇಕು.

ಜುಲೈ ೩೧, ಶುಕ್ರವಾರ

ಕಾಲುವೆ ಕಡಿಯುತ್ತಿದ್ದೆ. ಅತ್ತೆ ನೀರು ಎತ್ತ ಹರಿಯುತ್ತದೆಂದು ತಿಳಿಯಲು ಬದು ದಾಟಿ ಆಚೆ ಹೋದಳು. ಹೋದವಳು ಬಹಳ ಹೊತ್ತು ಬರಲಿಲ್ಲ. ಹೋಗಿ ನೋಡಿದರೆ ತಗ್ಗಿನಲ್ಲಿ ಕೂತಿದ್ದಾಳೆ. ಮಡಿಲಲ್ಲಿ ಕೊಳೆಯತೊಡಗಿದ ಸಸಿಗಳ ರಾಶಿ. ಒಂದೊಂದನ್ನೇ ಬುಡದಿಂದ ಬೇರಿನ ತುದಿಯವರೆಗೆ ಸವರುತ್ತಿದ್ದಳು.

"ಬೇಟಾ," ಎಂದಳು, "ಕರಾ ಮ್ಯಾಲಿಂದ ಹರಕೊಂಡು ತಿಂತೈತಿ. ಬೇರು ಸಮೇತ ಕೀಳಂಗಿಲ್ಲ. ಕಿತ್ತು ತಂದು ತಗ್ಗಿನ್ಯಾಗ ಒಟ್ಟಂಗಿಲ್ಲ."

ನಾನು ಕುರ್ಪಿಗೆ ಹತ್ತಿದ ಕೆಸರು ಒರೆಸತೊಡಗಿದೆ.

ಬಯ್ಯುತ್ತಾಳೆ ಎಂದು ಕಾದೆ. ಬಯ್ದಿದ್ದರೆ ತಿರುಗಿ ಬಯ್ಯಬಹುದಿತ್ತು. ಬಯ್ಯಲಿಲ್ಲ. ಎದ್ದು ಸೆರಗು ಝಾಡಿಸಿದಳು.

"ನಾ ಹೋಗಿ ಉಡಚಪ್ಪನ ಬಾಗಲದಾಗ ನಿಂತು ಬಾಯಿಗೆ ಬಂದಂಗ ಮಾತಾಡಿ ಬಂದೇನಿ. ನಿನ್ನ ಮಾತು ನಂಬಿ. ಈಗ ನೀ ಹೋಗು. ನಾ ಸಂಗಾಟ ಬರಂಗಿಲ್ಲ."

ಹೋಗುವುದಿಲ್ಲ. ಏನು ಮಾಡುತ್ತಾಳೆ? ಕುರುಡಿ. ನನ್ನ ಕಣ್ಣಿಲ್ಲದೆ ಈ ಹೊಲ ನಡೆಯುವುದಿಲ್ಲ.

ಆಗಸ್ಟ್ ೨, ರವಿವಾರ

ಹೋದೆ.

ಉಡಚಪ್ಪ ಕೊಟ್ಟಿಗೆಯಲ್ಲಿದ್ದ. ಕರುವನ್ನು ಗೂಟಕ್ಕೆ ಮೋಟ ಹಗ್ಗದಲ್ಲಿ ಕಟ್ಟಿದ್ದ. ಕುತ್ತಿಗೆ ಉಜ್ಜಿ ಗಾಯವಾಗಿತ್ತು.

"ನಾನ ಕಿತ್ತೆ. ನಿಮ್ಮ ಕರಾ ಬಂದಿದ್ದಿಲ್ಲ," ಎಂದೆ.

ಅವನು ಕರುವಿನ ಕುತ್ತಿಗೆ ಸವರಿದ. "ಮೂರು ವಾರಾತು ಇದನ್ನ ಕಟ್ಟಿ," ಎಂದ. "ಮುದುಕಿ ಸುಳ್ಳು ಹೇಳಾಕಿ ಅಲ್ಲ, ಅದಕ್ಕ ನಾನೂ ಎಲ್ಲೋ ಬಿಚ್ಚಿಕೊಂಡು ಹೋಗಿತ್ತೇನೋ ಅಂತ ತಿಳಕೊಂಡೆ. ಬಾರಕೋಲಿಲೆ ಹೊಡದೇನಿ, ಮಿಸ್ತ್ರಿ. ಮೂಕ ಪ್ರಾಣಿ. ಅದು ಏನ್ ಹೇಳೀತು?"

ಬಾಗಿ ಹಗ್ಗ ಬಿಚ್ಚಿದ. ಕರು ಹೊರಗೆ ಹೋಗಲಿಲ್ಲ. ಬಾಗಿಲು ತೆರೆದಿದ್ದರೂ ಗೂಟದ ಹತ್ತಿರವೇ ನಿಂತಿತು.

"ನಾಳೆ ಕುಂಟಿ ತರತೇನಿ," ಎಂದ ಉಡಚಪ್ಪ. "ಮುದುಕಿ ಮಾರಿ ನೋಡಿ ತರತೇನಿ. ನೀ ಸನೇಕ ಬರಬ್ಯಾಡ."

ಅವನ ಮೇಲೆ ಸಿಟ್ಟು ಬಂದಿದೆ. ಯಾಕೆ ಬಂದಿದೆಯೋ ತಿಳಿಯದು.

ಆಗಸ್ಟ್ ೮, ಶನಿವಾರ

ನಾನು ಏನೂ ಕೂಗಿರಲಿಲ್ಲ.

ಆಗಸ್ಟ್ ೯, ರವಿವಾರ

ನಿನ್ನೆ ಅಷ್ಟು ಬರೆದು ಪುಸ್ತಕ ಮುಚ್ಚಿದೆ. ಇವತ್ತು ಪೂರ್ತಿ ಬರೆಯುತ್ತೇನೆ. ಕೈ ಈಗ ಓಡುತ್ತದೆ, ನೆಪವಿಲ್ಲ.

ಶಾಫ್ಟಿಗೆ ಗೋಣಿಯ ದಾರ ಸುತ್ತಿಕೊಂಡಿತ್ತು. ಪಟ್ಟಾ ಇಳಿಸಿದ್ದರು, ಶಾಫ್ಟು ನಿಂತಿತ್ತು. ಯಾರಾದರೂ ಒಳಗೆ ಕೈ ಹಾಕುವುದಿದ್ದರೆ ಮೊದಲು ಪಟ್ಟಾದ ಕೋಲಿಗೆ ಕೆಂಪು ಬಟ್ಟೆ ಕಟ್ಟಬೇಕು, ಆಮೇಲೆ ಕೂಗಿ ಹೇಳಬೇಕು. ಆ ಪದ್ಧತಿ ಇಟ್ಟವನೇ ನಾನು. ಹೊಸಬರು ತಪ್ಪಿದರೆ ಕಪಾಳಕ್ಕೆ ಬಾರಿಸಿದ್ದೇನೆ. ಅವತ್ತು ನಾನು ಬಟ್ಟೆ ಕಟ್ಟಲಿಲ್ಲ. ಒಂದು ದಾರ, ಒಂದು ಕ್ಷಣದ ಕೆಲಸ, ಯಾರಿಗೆ ಏನು ಹೇಳುವುದು ಎಂದುಕೊಂಡೆ. ಗೋಡೆಯ ಹಿಂದಿನಿಂದ ಕೈ ಹಾಕಿದೆ. ಶಾಂತಯ್ಯ ನಿಲ್ಲುವ ಜಾಗದಿಂದ ಅಲ್ಲಿ ಏನೂ ಕಾಣುವುದಿಲ್ಲ. ಹೊರಗಿನಿಂದ, ಕೆಲಸದ ಮೇಲ್ವಿಚಾರಣೆಯ ಮುಕಾದಮ, "ಚಾಲೂ ಮಾಡು," ಎಂದ. ಶಾಂತಯ್ಯ ಕೋಲು ನೋಡಿದ, ಬಟ್ಟೆ ಇರಲಿಲ್ಲ, ಏರಿಸಿದ.

ಕೈ ಹೋದ ಮೇಲೆ ಕೂಗಿದೆ. ಅದಕ್ಕೂ ಮೊದಲು ಒಂದು ಶಬ್ದ ಬಂದಿರಲಿಲ್ಲ.

ದವಾಖಾನೆಯಲ್ಲಿ ಮಾಲಕ ಕೇಳಿದಾಗ, "ಶಾಂತಯ್ಯ ನನ್ನ ಮಾತು ಕೇಳಲಿಲ್ಲ," ಎಂದೆ. ಅದು ಕೂಡ ಸಲೀಸಾಗಿಯೇ ಬಂದಿತ್ತು.

ಆಗಸ್ಟ್ ೧೬, ರವಿವಾರ

ಶಾಂತಯ್ಯನ ಮನೆಗೆ ಹೋಗಿದ್ದೆ. ಹುಬ್ಬಳ್ಳಿಯವರೆಗೆ ನಡೆದು ಹೋದೆ. ದಾರಿಯಲ್ಲಿ ಮೂರು ಸಲ ತಿರುಗಿದೆ. ಮೂರೂ ಸಲ ಮತ್ತೆ ಆ ಕಡೆಗೇ ನಡೆದೆ.

ಅವನು ಈಗ ಪೇಟೆಯಲ್ಲಿ ಚೀಲ ಹೊರುತ್ತಾನೆ. ಬಗ್ಗಿದ ಬೆನ್ನು ಹಾಗೇ ನಿಂತುಬಿಟ್ಟಿದೆ. ನನ್ನನ್ನು ನೋಡಿ ಗಡಬಡಿಸಿ ಎದ್ದು ಕಂಬಳಿ ಹಾಸಿದ. ಹೆಂಡತಿ ಸಂಗವ್ವ ತಂಬಿಗೆಯಲ್ಲಿ ನೀರು, ಬಟ್ಟಲಲ್ಲಿ ಬೆಲ್ಲ ತಂದಿಟ್ಟಳು.

ನಾನು ಬಾಯಿ ತೆರೆಯುವ ಮೊದಲೇ ಅವನು ಶುರು ಮಾಡಿದ.

"ಗೌಸೂ, ನಾನ ಉಣಕಲ್ಲಿಗೆ ಬರಬೇಕಂತಿದ್ದೆ. ಧೈರ್ಯಾ ಆಗಲಿಲ್ಲ. ನನಗ ಕೇಳಿಸಲಿಲ್ಲೋ. ಆದ್ರ ನೀ ಕೂಗಿದಿ ಅಂದ ಮ್ಯಾಲ ಕೂಗಿರಬೇಕು. ದಿನಾ ಮುಂಜಾನೆ ಲಿಂಗ ಅಂಗೈಯಾಗ ಹಿಡದು ಕುಂತ್ರ ಕೈ ನಡಗತಾವು. ಇದ ಕೈಲೆ ಒಬ್ಬಾತನ ಕೈ ತೆಗದೇನಿ ಅನಸತೈತಿ. ಪೂಜಿ ಪೂರಾ ಆಗಂಗಿಲ್ಲ."

"ಶಾಂತಯ್ಯಾ, ನಾ ಕೂಗಿದ್ದಿಲ್ಲ," ಎಂದೆ.

ಅವನಿಗೆ ತಿಳಿಯಲಿಲ್ಲ. ಇನ್ನೊಮ್ಮೆ ಹೇಳಿದೆ.

"ಬಟ್ಟಿ?"

"ಕಟ್ಟಿದ್ದಿಲ್ಲ."

"ಕೂಗಿದ್ದಿಲ್ಲ, ಬಟ್ಟಿ ಕಟ್ಟಿದ್ದಿಲ್ಲ," ಎಂದ. ನಿಧಾನವಾಗಿ, ಪಾಠ ಒಪ್ಪಿಸುವವನಂತೆ. ತನ್ನ ಅಂಗೈ ನೋಡಿಕೊಂಡ. ಅಳುತ್ತಾನೆ ಎಂದುಕೊಂಡೆ. ಅಳಲಿಲ್ಲ. ಎದ್ದು ನಿಂತಾಗ ಅವನ ಮುಖ ನಾನು ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಕಾಣದ ಮುಖವಾಗಿತ್ತು.

"ನಾಲ್ಕು ತಿಂಗಳು! ಓಣ್ಯಾಗ ನನಗೇನಂತ ಕರೀತಾರ ಗೊತ್ತೈತೇನ್ ನಿನಗ? ಕೈ ಕಡದ ಅಯ್ಯ ಅಂತಾರ. ಇಕಿ ನೀರಿಗೆ ಹ್ವಾದ್ರ ಹೆಂಗಸ್ರು ಮಾತು ನಿಂದರಸ್ತಾರ. ನಾ ಅದನ್ನೆಲ್ಲಾ ತಡಕೊಂಡೆ. ಯಾಕ? ನನ್ನ ತಪ್ಪೈತಿ, ತಡಕೋಬೇಕು ಅಂತ ತಡಕೊಂಡೆ!"

ಹೊಡೆಯುತ್ತಾನೆ ಎಂದುಕೊಂಡೆ. ಹೊಡೆಯಲೆಂದು ಕಾದೆ. ಹೊಡೆಯಲಿಲ್ಲ.

"ಇಲ್ಲಿ ಬಂದು ಕಿವ್ಯಾಗ ಹೇಳಿ ಹೋಗಬ್ಯಾಡ. ನಾಳೆ ಗಿರಣಿ ಗೇಟಿನ ಮುಂದ, ಊಟದ ಸೂಟಿ ಬಿಟ್ಟಾಗ, ಎಲ್ಲಾರ ಎದುರಿಗೆ ಹೇಳು. ಇಕಿನೂ ಅಲ್ಲಿ ನಿಂದರತಾಳ."

ಸಂಗವ್ವ ಬಂದು ನೀರಿನ ತಂಬಿಗೆ, ಬೆಲ್ಲದ ಬಟ್ಟಲು ಎರಡನ್ನೂ ಎತ್ತಿಕೊಂಡು ಒಳಗೆ ಹೋದಳು. ನಾನಿನ್ನೂ ಮುಟ್ಟಿರಲಿಲ್ಲ.

ಆಗಸ್ಟ್ ೧೭, ಸೋಮವಾರ

ಹೇಳಿದೆ.

ಗೇಟಿನ ಹೊರಗೆ ಕಲ್ಲಿನ ಮೇಲೆ ನಿಂತು ಹೇಳಿದೆ. ಹಮಾಲರು, ಗಾಣದ ಮಂದಿ, ಹಿಂಡಿ ಹೊರುವ ಹೆಂಗಸರು, ಎಲ್ಲರೂ ಇದ್ದರು. ಹಾಜರಾಬಿ ಬುತ್ತಿ ಬಿಚ್ಚಿದವಳು ಹಾಗೇ ಕೈಯಲ್ಲಿ ಹಿಡಿದು ನಿಂತಿದ್ದಳು. ಅವಳಿಗೆ ಮನೆಯಲ್ಲಿ ಹೇಳಿರಲಿಲ್ಲ. ಹೇಳಬೇಕಾಗಿತ್ತು.

"ಕೆಂಪು ಬಟ್ಟಿ ಕಟ್ಟಿದ್ದಿಲ್ಲ. ಒದರಿದ್ದಿಲ್ಲ. ಶಾಂತಯ್ಯಂದು ಏನೂ ತಪ್ಪಿಲ್ಲ. ಗ್ವಾಡಿ ಹಿಂದ ಯಾರದಾರ ಅಂತ ಅಂವಗ ಕಾಣಂಗಿಲ್ಲ. ಪಟ್ಟಾಕ್ಕ ಅಡ್ಡ ಒಂದು ತಂತಿ ಜಾಳಿಗಿನೂ ಇಲ್ಲ. ನಾ ಸುಳ್ಳು ಹೇಳಿದೆ."

ಒಬ್ಬ ಹಮಾಲ ನನ್ನ ಕಾಲ ಬಳಿ ಉಗುಳಿದ. ಶಾಂತಯ್ಯ ಎಲ್ಲರ ಮುಖವನ್ನೂ ಒಂದೊಂದಾಗಿ ನೋಡುತ್ತಿದ್ದ.

ಗದ್ದಲ ಕೇಳಿ ಮಾಲಕ ಕಟ್ಟೆಗೆ ಬಂದ. ಶಾಂತಯ್ಯನನ್ನು ತಿರುಗಿ ತೆಗೆದುಕೊಳ್ಳಿ ಎಂದೆ.

"ಆಗಿ ಹೋದ ಮಾತು ಯಾಕ ತಗೀತೀರಿ?" ಎಂದ. "ಆ ಜಾಗಾಕ್ಕ ಬ್ಯಾರೆ ಮನಷ್ಯಾ ಬಂದಾನ. ಗರ್ದಿ ಮಾಡಬ್ಯಾಡ್ರಿ, ನಡೀರಿ."

ಆಗಿ ಹೋದ ಮಾತು! ಹನ್ನೊಂದು ವರ್ಷ ಇವನ ಯಂತ್ರಕ್ಕೆ ಎಣ್ಣೆ ಹಾಕಿದ್ದೇನೆ. ಜಾಳಿಗೆ ಹಾಕಿಸಿರಿ ಎಂದು ಎರಡು ಸಲ ಕೇಳಿದ್ದೆ. ಈ ವರ್ಷ ಬೇಡ ಎಂದಿದ್ದ. ಆಗ ಅವನೆದುರು ತಲೆಯಾಡಿಸಿ ಬಂದಿದ್ದೆ. ಇವತ್ತು ಕಟ್ಟೆ ಹತ್ತಿ ಅಂಗಿ ಹಿಡಿದು ಎಳೆಯಬೇಕೆನಿಸಿತು. ಶಾಂತಯ್ಯ ನನ್ನ ತೋಳು ಹಿಡಿದು ಕೆಳಗೆ ಇಳಿಸಿದ. ಇಳಿಸಿದ ಕೂಡಲೇ ಕೈ ಬಿಟ್ಟ, ಕೆಂಡ ಮುಟ್ಟಿದ ಹಾಗೆ.

ಸಂಜೆ ಹಾಜರಾಬಿ ಬಂದು ರೊಟ್ಟಿ ಬಡಿದಳು. ನನ್ನ ತಾಟು ಇಟ್ಟಳು. ಮಾತಿಲ್ಲ.

ಆಗಸ್ಟ್ ೨೯, ಶನಿವಾರ

ಹಾಜರಾಬಿ ಇನ್ನೂ ಮಾತಾಡಿಲ್ಲ. ಬಯ್ಯು, ಎಂದೆ. ಬುತ್ತಿ ಎತ್ತಿಕೊಂಡು ಗಿರಣಿಗೆ ನಡೆದಳು.

ನವಣೆ ತೆನೆ ಬಿಟ್ಟಿದೆ. ಅಳಿಲಿನ ಬಾಲದಂತೆ ಮೆತ್ತಗೆ, ಮೇಲೆ ಕೂದಲು. ಕಾಡುನವಣೆಯ ತೆನೆ ಮಾತ್ರ ಸೆಟೆದು ನಿಲ್ಲುತ್ತದೆ, ಅರಿವೆಗೆ ಹತ್ತಿದರೆ ಬಿಡುವುದಿಲ್ಲ. ಈ ಎಕರೆಯಲ್ಲಿ ಅಂಥವು ಹನ್ನೆರಡು ಉಳಿದಿದ್ದವು. ಕಾಳು ಉದುರುವ ಮೊದಲೇ ಕಿತ್ತು ಸುಟ್ಟೆ. ಉದುರಿದರೆ ಮುಂದಿನ ವರ್ಷ ಸಾವಿರ.

ನಾನು ಕಿತ್ತ ಆರು ಸಾಲು ಬೋಳಾಗಿಯೇ ಇವೆ. ಅಲ್ಲಿ ಹುರುಳಿ ಚೆಲ್ಲೋಣ ಎಂದೆ. "ಬ್ಯಾಡ, ಹಂಗ ಇರಲಿ," ಎಂದಳು ಅತ್ತೆ. ಈ ಮುದುಕಿ ಬಹಳ ಕೆಟ್ಟವಳು.

ಗುಬ್ಬಿಗಳ ಕಾಟ ಶುರುವಾಗಿದೆ. ಬೆಳಗಿನಿಂದ ಕೂಗಿ ಕೂಗಿ ದನಿ ಬಿದ್ದಿದೆ.

ಸೆಪ್ಟೆಂಬರ್ ೧೨, ಶನಿವಾರ

ಇಪ್ಪತ್ತಾರು ದಿನದ ಮೇಲೆ ಹಾಜರಾಬಿ ಮಾತಾಡಿದಳು. ಹೊಲಕ್ಕೇ ಬಂದಳು. ಗುಬ್ಬಿ ಕಾಯುತ್ತಿದ್ದೆ.

"ಇವತ್ತ ಪಟ್ಟಾಕ್ಕ ತಂತಿ ಜಾಳಿಗಿ ಹಾಕಿದ್ರು," ಎಂದಳು.

"ಯಾರ ಹಾಕಿಸಿದ್ರು?"

"ನಾವು. ಹದಿನಾಲ್ಕು ಮಂದಿ ಹೆಂಗಸ್ರು. ನಮ್ಮ ಸೆರಗು ದಿನಾ ಅದರ ಮಗ್ಗಲಾಗ ಹಾದು ಹೋಗತಾವು. ಜಾಳಿಗಿ ಹಾಕೂತನಕಾ ಒಳಗ ಕಾಲಿಡಾಂಗಿಲ್ಲ ಅಂತ ಗೇಟಿನ ಹೊರಗ ಕುಂತಿವಿ. ಮೂರು ದಿನಾ."

ಮೂರು ದಿನವೂ ಬುತ್ತಿ ಕಟ್ಟಿಕೊಂಡು ಎಂದಿನಂತೆ ಹೋಗಿದ್ದಳು. ನನಗೆ ಗೊತ್ತೇ ಇಲ್ಲ.

"ನನಗ ಯಾಕ ಹೇಳಲಿಲ್ಲ?"

"ನೀವು ನನಗ ಹೇಳಿದ್ರ್ಯಾ?"

ಗುಬ್ಬಿಗಳ ಹಿಂಡು ಮಗ್ಗುಲಿಗೇ ಇಳಿಯಿತು. ಇಬ್ಬರೂ ಕೂಗಲಿಲ್ಲ.

"ಹತ್ತು ವರ್ಷ ನಿಮ್ಮ ಸಂಗಾಟ ಬಾಳೆವು ಮಾಡೇನಿ," ಎಂದಳು. "ದವಾಖಾನ್ಯಾಗ ನಿಮ್ಮ ಕೈ ಹಿಡದು ಕುಂತು ನಾ ಆ ಅಯ್ಯಾಗ ಶಾಪಾ ಹಾಕೇನಿ. ನನ್ನ ಬಾಯಿಲೆ ಹಾಕಿಸಿದ್ರಿ. ನಿಮ್ಮ ತಪ್ಪು ನಿಮ್ಮದು, ಅದನ್ನ ನಾ ಇನ್ನೂ ಬಿಟ್ಟಿಲ್ಲ. ಪಟ್ಟಾದ ತಪ್ಪು ಪಟ್ಟಾದ್ದು. ಅದು ಬಗೀಹರೀತು."

ಆಮೇಲೆ ಒಂದು ಹೆಂಟೆ ಎತ್ತಿ ಗುಬ್ಬಿಗಳ ಕಡೆ ಬೀಸಿ ಒಗೆದಳು. ಎಲ್ಲಾ ಎದ್ದವು.

ಅಕ್ಟೋಬರ್ ೪, ರವಿವಾರ

ಕೊಯ್ಲು.

ಅತ್ತೆ ಒಂದು ತೆನೆ ಮುರಿದು ಅಂಗೈಯಲ್ಲಿ ಉಜ್ಜಿ, ಕಾಳು ಹಲ್ಲಲ್ಲಿ ಕಡಿದು, ಇವತ್ತೇ ಎಂದಳು. ಪಡುವಣ ಕಡೆ ಮೋಡ ಕಪ್ಪಿಟ್ಟಿತ್ತು. ಮಾಗಿದ ತೆನೆಗೆ ಮಳೆ ಬಿದ್ದರೆ ಕಾಳು ಅಲ್ಲೇ ಮೊಳೆಯುತ್ತದೆ.

ಉಡಚಪ್ಪನ ಚಕ್ಕಡಿ ಬಂತು. ಅದರಿಂದ ಶಾಂತಯ್ಯ ಇಳಿದ. ಕೈಯಲ್ಲಿ ಕುಡಗೋಲು. ನಾನು ನೋಡುತ್ತ ನಿಂತೆ.

"ನಿನ್ನ ಸಲುವಾಗಿ ಬಂದಿಲ್ಲ," ಎಂದ. "ಮುದುಕಿ ಹೇಳಿಕಳಿಸ್ಯಾಳ. ಕೂಲಿಗೆ ಬಂದೇನಿ. ನನ್ನ ಪಾಲಿನ ನವಣಿ ತಗೊಂಡು ಹೋಗತೇನಿ."

"ಹೂಂ," ಎಂದೆ.

"ಇಬ್ರೂ ಕೇಳ್ರಿ," ಎಂದಳು ಅತ್ತೆ ಬದುವಿನ ಮೇಲಿಂದ. "ಮಾತು ಬ್ಯಾಡ. ಮಳಿ ಬರೂದರಾಗ ಕೊಯ್ರಿ."

ಅವನು ಆ ತುದಿಯಿಂದ ಹಿಡಿದ, ನಾನು ಈ ತುದಿಯಿಂದ. ಕೊಯ್ಯುವುದು ಈಗ ನನಗೆ ಬರುತ್ತದೆ. ಬಲ ಮೊಣಕೈಯಲ್ಲಿ ಬುಡಗಳನ್ನು ತೆಕ್ಕೆಗೆ ಒತ್ತಿ ಹಿಡಿದು ಎಡಗೈಯಿಂದ ಎಳೆಯುತ್ತೇನೆ. ಉಡಚಪ್ಪನೂ ಕೊಯ್ದ, ಹಾಜರಾಬಿಯೂ ಕೊಯ್ದಳು. ಮಧ್ಯಾಹ್ನಕ್ಕೆ ಮುಕ್ಕಾಲು ಮುಗಿಯಿತು.

ಆದರೆ ಕಟ್ಟುವುದು ನನ್ನಿಂದ ಆಗಲಿಲ್ಲ. ಕೊಯ್ದದ್ದನ್ನು ಕೂಡಿಸಿ ಸಿವುಡು ಕಟ್ಟಬೇಕಾದರೆ ಎರಡು ಕೈ ಬೇಕು. ಹುರಿಯ ಒಂದು ತುದಿ ಹಲ್ಲಲ್ಲಿ ಕಚ್ಚಿ ನೋಡಿದೆ. ಪಾದದಲ್ಲಿ ತುಳಿದು ನೋಡಿದೆ. ಬಿಗಿಯುವಷ್ಟರಲ್ಲಿ ಬಿಚ್ಚಿಕೊಳ್ಳುತ್ತದೆ. ಅವರೆಲ್ಲರ ಸಿವುಡುಗಳು ಸಾಲಾಗಿ ನಿಂತಿದ್ದವು. ನನ್ನದು ಕೊಯ್ದಲ್ಲೇ ಬಿದ್ದಿತ್ತು. ಗಾಳಿ ಎದ್ದಿತು. ತೆನೆಗಳು ಹೊರಳಾಡತೊಡಗಿದವು. ಹುರಿಯನ್ನು ನೆಲಕ್ಕೆ ಬಡಿದು ಬಾಯಿಗೆ ಬಂದಂತೆ ಬಯ್ದೆ. ನವಣೆಯನ್ನು, ಗಾಳಿಯನ್ನು, ಗಿರಣಿಯನ್ನು, ನನ್ನನ್ನು.

ಶಾಂತಯ್ಯ ತನ್ನ ಸಾಲು ಬಿಟ್ಟು ದಾಟಿ ಬಂದ. ನನ್ನ ಎದುರಿಗೆ ಮೊಣಕಾಲೂರಿದ. ತೆನೆ ಕೂಡಿಸಿ, ಹುರಿ ಸುತ್ತಿ, ಒಂದು ಎಳೆ ಹಾಕಿ ಹಿಡಿದ.

"ಇದರ ಮ್ಯಾಲ ಹೆಬ್ಬಟ್ಟು ಇಡು," ಎಂದ.

ಎಡಗೈ ಚಾಚಿದೆ.

"ಅದಲ್ಲ. ಅದ್ರಲೆ ಸಿವುಡು ಹಿಡಿ. ಆ ಕೈದು ಇಡು."

ಬಲಗೈಯನ್ನು ಅಂಗಿಯ ತೋಳಿನಿಂದ ಹೊರಗೆ ತೆಗೆದೆ. ಆರು ತಿಂಗಳಿಂದ ಅದನ್ನು ಹಾಜರಾಬಿಗೂ ಸರಿಯಾಗಿ ತೋರಿಸಿಲ್ಲ. ಹೆಬ್ಬೆರಳನ್ನು ಗಂಟಿನ ಮೇಲೆ ಒತ್ತಿದೆ. ಶಾಂತಯ್ಯ ಅದನ್ನು ಮೊದಲ ಸಲ ನೋಡಿದ. ನೋಡಿ ತಲೆ ತಗ್ಗಿಸಲಿಲ್ಲ. ಅವನ ಕೈ ನಡುಗುತ್ತಿರಲಿಲ್ಲ. ಹುರಿಯ ಎರಡೂ ತುದಿ ಹಿಡಿದು ನೋವಾಗುವಷ್ಟು ಬಿಗಿಯಾಗಿ ಎಳೆದ.

"ತಗಿ," ಎಂದ. ತೆಗೆದೆ. ಗಂಟು ಕೂತಿತು.

"ಇಡು." "ತಗಿ." "ಇಡು." "ತಗಿ."

ಹೀಗೆ ಅರವತ್ತೆರಡು ಸಿವುಡು ಕಟ್ಟಿದೆವು. ಬೇರೆ ಒಂದು ಮಾತು ಆಡಲಿಲ್ಲ. ಕೊನೆಯದನ್ನು ಚಕ್ಕಡಿಗೆ ಹೇರುವಾಗ ಮಳೆಯ ಹನಿ ಶುರುವಾದವು. ಅವನು ತನ್ನ ಪಾಲಿನ ಎಂಟು ಸಿವುಡು ಎಣಿಸಿ ಇಟ್ಟುಕೊಂಡು, ಮೇಲೆ ಕಂಬಳಿ ಹೊದಿಸಿ, ನನ್ನ ಕಡೆ ನೋಡದೆ ಚಕ್ಕಡಿ ಹತ್ತಿ ಕೂತ.

ಅವನ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯಬೇಕೆಂದು ಕೇಳುವವನು ನಾನಲ್ಲ. ಚಕ್ಕಡಿ ಕೆರೆಯ ಏರಿ ದಾಟುವವರೆಗೆ ಮಳೆಯಲ್ಲೇ ನಿಂತಿದ್ದೆ.